ಹಿತ್ತಾಳೆಯ ಅರಚಾಟ

"ಎಂತ ಮಾರಾಯ ಇದು? ಪಂಪಿನ ಹಿತ್ತಾಳೆ ಬುಶ್ಶಿನ ತುದಿ ಎರಡು ಮಿಲ್ಲಿಮೀಟರ್ ಸವರ್ಲಿಕ್ಕೆ ಇಡೀ ಮೇಳವನ್ನೇ ಕರೆಸಿದ್ದೀಯಾ?" ಬದಿಯಡ್ಕ ಪೇಟೆಯ, ಲೋಹ ಕಡೆಯುವ ಲೇತ್ ಶಾಪಿಗೆ ಭಟ್ರು ಕಿವಿ ಮುಚ್ಚಿಕೊಂಡೇ ಬಂದರು.

"ಈಗ ಚಕ್ರತಾಳ ಮಾತ್ರ ಭಟ್ರೆ, ಚೆಂಡೆ ಇನ್ನು ಬರ್ಬೇಕಷ್ಟೆ," ಅಂದರು ಮಾಷ್ಟ್ರು. "ನಾನಾದ್ರೆ ಲೇತಿನ ಕಾಲಡಿಗೆ ದಪ್ಪ ರಬ್ಬರ್ ಹಾಕ್ತಿದ್ದೆ."

ಲೇತಿನವ ಮೋಟರ್ ಆಫ್ ಮಾಡಿ ಬುಶ್ಶಿನ ಮುಖ ತೋರಿಸಿದ. ಚಕ್ಕುಲಿ ಒತ್ತಿದ ಹಾಗೆ ಗೆರೆ ಗೆರೆ.

"ರಬ್ಬರ್ ಹಾಕಿದ್ರೆ ನೆರೆಮನೆಗೆ ಶಬ್ದ ಕಮ್ಮಿ ಆದೀತು ಮಾಷ್ಟ್ರೆ. ಈ ಚಕ್ಕುಲಿ ಹೋಗ್ಲಿಕ್ಕುಂಟಾ? ಅದುರುವುದು ತಿರುಗುವ ಬುಶ್ಶು, ಕತ್ತರಿಸುವ ಟೂಲು, ಎರಡರ ನಡುವೆ. ಮೊದಲು ಇದನ್ನು ಕೇಳಿ." ಸ್ಪ್ಯಾನರಿನಿಂದ ಬುಶ್ಶಿಗೆ ಮೆಲ್ಲ ಬಡಿದ. ಟಣ್‌ಣ್‌ಣ್.

"ದೇವಸ್ಥಾನದ ಗಂಟೆ!"

"ಗಂಟೆಯೇ. ಹೊರಮೈ 40 ಮಿಲ್ಲಿಮೀಟರ್, ಗೋಡೆಯ ದಪ್ಪ ಎರಡೂವರೆ. ತೆಳು ಕೊಳವೆ, ಅದನ್ನು ಹಿಡಿದು ತಿರುಗಿಸುವ ಚಕ್ಕಿನಿಂದ ಇಷ್ಟುದ್ದ ಹೊರಗೆ. ಹಾಡದೆ ಇರ್ತದಾ?"

"ಹಾಗಾದ್ರೆ ಒಳಗೆ ಅಡಿಕೆ ಮರದ ತುಂಡು ತುರುಕು."

"ಅಡಿಕೆ ಮರಕ್ಕೆ ಗಟ್ಟಿ ಇರುವುದು ಹೊರಗಿನ ಸುತ್ತು ಮಾತ್ರ ಭಟ್ರೆ, ಒಳಗೆಲ್ಲ ನಾರು. ಮಾವಿನ ಮರದ ಬಿರಡೆ ಕಡೆದು ಬಿಗಿಯಾಗಿ ಹೊಡೀಬೇಕು. ತುದಿಯಿಂದ 10 ಮಿಲ್ಲಿಮೀಟರ್ ಒಳಗೆ ನಿಲ್ಬೇಕು, ಇಲ್ಲದಿದ್ರೆ ಟೂಲು ಮರವನ್ನೂ ಸವರ್ತದೆ." ಬಿರಡೆ ಹೊಡೆದು ಪುನಃ ಬಡಿದ. ಠಕ್. ಮುಗೀತು. "ಹೊರಗಿನಿಂದ ಸೈಕಲ್ ಟ್ಯೂಬಿನ ಪಟ್ಟಿ ಎಳೆದು ಸುತ್ತುವವರೂ ಉಂಟು. ತುದಿ ಸಡಿಲಾದ್ರೆ ಮೋರೆಗೇ ಬರ್ತದೆ. ನನಗೆ ಬಿರಡೆಯೇ ಹಿತ."

"ಚಕ್ಕನ್ನು ಇನ್ನೂ ಬಿಗಿ ಮಾಡಿದ್ರೆ?"

"ಬುಶ್ಶು ಸಮೋಸ ಆಗ್ತದೆ! ಚಕ್ಕಿನ ಮೂರು ಹಲ್ಲು, ಜಾ, ಒತ್ತುವಾಗ ಒಳಕ್ಕೆ ಬಗ್ಗಿರ್ತದೆ. ಹಾಗೇ ಒಳಗೆ ಕೊರೆದು ಉರುಟು ಮಾಡಿ ಬಿಚ್ಚಿದ್ರೆ ಮೂರು ಕಡೆ ಉಬ್ಬು. ಸೀಳಿದ ರಿಂಗ್ ಹಾಕಿ ಹಿಡೀಬೇಕು, ಒತ್ತಡ ಸುತ್ತಲೂ ಹಂಚಿ ಹೋಗ್ತದೆ."

ಮಾಷ್ಟ್ರು ಕನ್ನಡಕ ಏರಿಸಿ, ಟೂಲನ್ನು ಕಚ್ಚಿ ಹಿಡಿಯುವ ಟೂಲ್ ಪೋಸ್ಟಿಗೆ ಬಗ್ಗಿದರು. "ಟೂಲು ಯಾಕೆ ಇಷ್ಟು ಮುಂದೆ ಚಾಚಿದೆ? ಎರಡು ಪಟ್ಟು ಚಾಚಿದ್ರೆ ಬಗ್ಗುವುದು ಎಂಟು ಪಟ್ಟು."

"ಅದು ತಪ್ಪೇ, ಒಪ್ಪಿದೆ." ಟೂಲು ಹಿಂದೆ ಹೋಯಿತು. ಟೂಲಿನ ಎತ್ತರದ ಒಂದೂವರೆ ಪಟ್ಟು ಮಾತ್ರ ಹೊರಗೆ. ಮೊನೆಯನ್ನು ಬುಶ್ಶು ತಿರುಗುವ ಸೆಂಟರಿನ ಎತ್ತರಕ್ಕೇ ತಂದು, ಟೂಲನ್ನು ಅಡ್ಡಕ್ಕೆ ಸರಿಸುವ ಕ್ರಾಸ್ ಸ್ಲೈಡಿನ ಸಡಿಲ ತೆಗೆಯುವ ಜಿಬ್ ಸ್ಕ್ರೂವನ್ನು ಹ್ಯಾಂಡಲ್ ಸ್ವಲ್ಪ ಭಾರ ಅನಿಸುವಷ್ಟು ಬಿಗಿ ಮಾಡಿದ. "ಮೊನೆಯದ್ದೂ ಒಂದುಂಟು. ಕಬ್ಬಿಣಕ್ಕೆ ತಲೆ ಇಳಿಜಾರು ಮಾಡಿ ಸಾಣೆ ಹಿಡಿದ ಟೂಲು ಹಿತ್ತಾಳೆಗೆ ಆಗುವುದಿಲ್ಲ. ತಾನೇ ಒಳಕ್ಕೆ ಎಳಕೊಳ್ತದೆ, ಸ್ಲೈಡಿನ ಸಡಿಲವನ್ನೆಲ್ಲ ತಿಂದು ಬಿಟ್ಟು ಬರ್ತದೆ, ಪುನಃ ಎಳಕೊಳ್ತದೆ. ಠರ್‌ರ್ ಅನ್ನುವುದು ಅದೇ. ಹಿತ್ತಾಳೆಗೆ ತಲೆ ಸಪಾಟು ಬೇಕು. ಡ್ರಿಲ್ ಬಿಟ್ಟಿಗೂ ಹಾಗೇ, ಅಂಚನ್ನು ಕಲ್ಲಿನಿಂದ ಒಂದು ಚೂರು ಸಪಾಟು ಮಾಡ್ಬೇಕು."

"ಟೂಲಿನ ಮೂತಿಯ ಉರುಟು?"

"ದೊಡ್ಡದಿದ್ರೆ ಒತ್ತುವ ಬಲ ಜಾಸ್ತಿ, ಅರಚಾಟ ಜಾಸ್ತಿ. 0.4 ಮಿಲ್ಲಿಮೀಟರ್ ತ್ರಿಜ್ಯ ಸಾಕು."

"ಸ್ಪೀಡು?"

"ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಟೂಲಿಗೆ ನಿಮಿಷಕ್ಕೆ 60 ಮೀಟರ್ ಹಿಡಿದ್ರೆ 40 ಮಿಲ್ಲಿಮೀಟರಿಗೆ ಸುಮಾರು 480 ಸುತ್ತು. ಅಲ್ಲಿ ಕೂಗಿದ್ರೆ 350ಕ್ಕೆ ಇಳಿಸಿ ನೋಡುವುದು."

"ಫೀಡನ್ನೂ ಇಳಿಸು, ಮೆಲ್ಲ ಮೆಲ್ಲ..."

"ಅಲ್ಲಿಯೇ ಎಲ್ಲರೂ ಬೀಳುವುದು ಭಟ್ರೆ! ಫೀಡು, ಅಂದ್ರೆ ಒಂದು ಸುತ್ತಿಗೆ ಟೂಲು ಸರಿಯುವಷ್ಟು, ತೀರಾ ಕಮ್ಮಿ ಆದ್ರೆ ಟೂಲು ಕತ್ತರಿಸುವುದಿಲ್ಲ, ಉಜ್ಜುತ್ತದೆ. ಉಜ್ಜಿದ್ರೆ ಕಿರ್‌ರ್. ಸುತ್ತು ಇಳಿಸಿ ಫೀಡು ಏರಿಸ್ಬೇಕು. ಸುತ್ತಿಗೆ 0.1, ಆಳ ಅರ್ಧ ಮಿಲ್ಲಿಮೀಟರ್."

ಮೋಟರ್ ಆನ್ ಆಯಿತು. ಹಪ್ಪಳ ಪುಡಿ ಮಾಡಿದ ಹಾಗೆ ಸಣ್ಣ ಸದ್ದು, ಟೂಲಿನ ಕೆಳಗೆ ರವೆ ಸುರಿದ ಹಾಗೆ ಹಳದಿ ಚೂರು. ಮಾಷ್ಟ್ರು ಮೋರೆ ಹತ್ತಿರ ತಂದದ್ದೇ ತಡ, "ಹಿಂದೆ! ಸೀಸ ಸೇರಿದ ಹಿತ್ತಾಳೆ ಸುರುಳಿ ಬಿಡುವುದಿಲ್ಲ, ಹೀಗೆ ಎರಚ್ತದೆ. ಗಾಗಲ್ಸ್ ಹಾಕಿ. ಗ್ಲೌಸ್ ಬೇಡ, ತಿರುಗುವ ಚಕ್ಕಿಗೆ ಸಿಕ್ಕಿದ್ರೆ ಕೈಯನ್ನೂ ಎಳ್ಕೊಂಡು ಹೋಗ್ತದೆ."

"ಈಗಲೂ ಎಂತದೋ ಡಬ ಡಬ ಅಂತದೆ," ಅಂದರು ಭಟ್ರು.

"ಅದು ಸ್ಟ್ಯಾಂಡು. ಖಾಲಿ ತಗಡಿನ ಪೆಟ್ಟಿಗೆ ಅಲ್ವಾ. ಒಳಗೆ ಎರಡು ಚೀಲ ಒಣ ಹೊಯಿಗೆ ಇಟ್ರೆ ಬಾಯಿ ಮುಚ್ತದೆ. ಬೆಲ್ಟಿನ ಎರಡೂ ಪುಲ್ಲಿ ಒಂದೇ ಗೆರೆಯಲ್ಲಿ ಉಂಟಾ ಅಂತ ನೂಲು ಹಿಡಿದು ನೋಡ್ಬೇಕು. ಮಾಷ್ಟ್ರ ರಬ್ಬರು ಕೊನೆಗೆ. ಮೆತ್ತಗಿನದ್ದು ಬೇಡ, ಲೇತೇ ಕುಣೀತದೆ. ಗಟ್ಟಿ ಪ್ಯಾಡ್ ಹಾಕಿ ಸ್ಪಿರಿಟ್ ಲೆವೆಲ್ ಇಟ್ಟು ನೋಡ್ಬೇಕು."

ರಬ್ಬರಿಗೆ ಕೊನೆಯ ಸ್ಥಾನ ಸಿಕ್ಕಿದ್ದು ಮಾಷ್ಟ್ರಿಗೆ ಹಿಡಿಸಲಿಲ್ಲ. "2000ದ ಶಬ್ದ ನಿಯಮದಲ್ಲಿ ವಾಸದ ಜಾಗಕ್ಕೆ ಹಗಲು 55 ಡೆಸಿಬೆಲ್, ರಾತ್ರಿ 10ರಿಂದ 6ರವರೆಗೆ 45. ನೆರೆಮನೆಯವರಿಗೆ ಬೇಕಾದ್ದು ನನ್ನ ರಬ್ಬರೇ!"

"ಸರಿ ಮಾಷ್ಟ್ರೆ, ರಾತ್ರಿ ಲೇತ್ ಇಡುವುದಿಲ್ಲ. ಭಟ್ರೆ, ಆ ರವೆಯನ್ನು ಕಬ್ಬಿಣದ ಚೂರಿನೊಟ್ಟಿಗೆ ಗುಡಿಸ್ಬೇಡಿ. ಗುಜರಿಯವ ಅಯಸ್ಕಾಂತ ಹಿಡ್ಕೊಂಡೇ ಬರುವುದು, ಬೆರಕೆ ಸಿಕ್ಕಿದ್ರೆ ರೇಟು ಇಳಿಸ್ತಾನೆ."