ಅಪ್‌ಡೇಟ್: ಗುಲ್ಮರ್ಗ್ ಸ್ಕೀ ಟ್ರಿಪ್, ಹೋಗಿ ಬಂದ್ವಿ

ಡಿಸೆಂಬರ್ ಮೊದಲ ವಾರ ಕಾಶ್ಮೀರದ ಗುಲ್ಮರ್ಗ್‌ದಾಗ ಸ್ಕೀ (ಹಿಮದ ಮ್ಯಾಲೆ ಜಾರೋ ಆಟ) ಕಲಿಯಾಕ ಹಿಮ ಇರ್ತೈತೇನು ಅಂತ ಕೇಳಿದ್ನೆಲ್ರಿ, ಕೊಪ್ಪಳದಿಂದ ನಾನು ತಮ್ಮ ಇಬ್ರೂ ಹೋಗಿ ಬಂದ್ವಿ. ಕೆಳಗ, ಅಂದ್ರ ಸುಮಾರು 2,650 ಮೀಟರ್‌ನ್ಯಾಗ, ಹಿಮ ತೆಳ್ಳಗಿತ್ತು, ಅಲ್ಲಲ್ಲಿ ಹುಲ್ಲು ಕಾಣ್ತಿತ್ತು, ಆದ್ರ ಗೊಂಡೋಲಾ (ಕೇಬಲ್ ಕಾರ್) ಹತ್ತಿ ನಡುವಿನ ನಿಲ್ದಾಣ ಕೊಂಗದೂರಿಗೆ ಹೋದ್ರ ಕಲಿಯೋರಿಗೆ ಸಾಕಾಗೋವಷ್ಟು ಸಿಕ್ತು. ಇನ್ನೂ ಮ್ಯಾಲಿನ ಅಫರ್ವತ್ ಬೆಟ್ಟದಿಂದ ಹೊಸಬ್ರು ಇಳಿಯೋದು ಬ್ಯಾಡ್ರಿ, ಹಿಮ ಕಡಿಮಿ ಇದ್ದಾಗ ಅದರ ಕೆಳಗ ಕಲ್ಲು ಅಡಗಿರ್ತಾವು. ಕಾಲಿಗೆ ಕಟ್ಟಿದ ಎರಡೂ ಸ್ಕೀ ಹಲಗಿಗಳ ಮುಂದಿನ ತುದಿ ಹತ್ರ ತಂದು ಹಿಂದ ಅಗಲ ಮಾಡಿದ್ರ ಬ್ರೇಕ್, ಅದನ್ನ ಕಲಿಯೋದ್ರಾಗ ತೊಡಿ ಬಿಗಿದುಬಿಡ್ತಾವು, ಆದ್ರ ಬೀಳದ ನಿಂತಾಗ ಆದ ಖುಷಿ ಹೇಳಾಕ ಆಗಂಗಿಲ್ರಿ! ಗಾಗಲ್ ಒಯ್ರಿ ಅಂದೋರಿಗೆ ಭಾಳ ಥ್ಯಾಂಕ್ಸ್. ದಪ್ಪ ಹಿಮಾನೇ ಬೇಕು ಅನ್ನೋರು ಡಿಸೆಂಬರ್ 21ಕ್ಕ ಚಿಲ್ಲೈ ಕಲಾನ್ (ಕಾಶ್ಮೀರದ 40 ದಿನದ ಕಡು ಚಳಿ) ಶುರುವಾದ ಮ್ಯಾಲೆ, ಜನವರಿ ಕೊನಿಗೆ ಪ್ಲಾನ್ ಮಾಡ್ರಿ.