ಕ್ಯಾಂಪ್ ಓವನ್: ಎರಕದ ಕಬ್ಬಿಣದ್ದನ್ನು ಕೊಳ್ಳಬೇಕೆ, ಉಕ್ಕಿನದನ್ನೆ?

ವೆರಿಬೀ ಕನ್ನಡಿಗ

ಎಲ್ಲರಿಗೂ ನಮಸ್ಕಾರ. ಈಸ್ಟರ್ ರಜೆಯಲ್ಲಿ ಮೆಲ್ಬರ್ನಿನಿಂದ ನಾವು ಮೂರು ಕುಟುಂಬಗಳು, ಮಕ್ಕಳೂ ಸೇರಿ ಹತ್ತು ಜನ, ಮರ್ರೆ ನದಿಯ ದಂಡೆಯ ಬಾರ್ಮಾ ಕಾಡಿಗೆ ಹೋಗಿ ಡೇರೆ ಹಾಕುವವರಿದ್ದೇವೆ. ಗ್ಯಾಸ್ ಒಲೆಯನ್ನು ಹೇಗೂ ಒಯ್ಯುತ್ತೇವೆ. ಆದರೆ ರಾತ್ರಿಯ ಅಡುಗೆಯನ್ನಾದರೂ ಈ ನಾಡಿನವರಂತೆ ಕ್ಯಾಂಪ್ ಓವನ್ ಎಂಬ ದಪ್ಪ ಮುಚ್ಚಳದ ಪಾತ್ರೆಯಲ್ಲಿ, ಕೆಂಡದ ಮೇಲೆ ಮಾಡಬೇಕೆಂಬುದು ಎಲ್ಲರ ಆಸೆ. ಅಂಗಡಿಗೆ ಹೋಗಿ ನೋಡಿದ ಮೇಲೆ ಗೊಂದಲ ಹೆಚ್ಚಾಯಿತು. ಎರಕದ ಕಬ್ಬಿಣದಲ್ಲೇ 4.5, 9, 12 ಕ್ವಾರ್ಟ್ ಎಂಬ ಅಳತೆಗಳಿವೆ. ಕೆಲವಕ್ಕೆ ಮೂರು ಕಾಲುಗಳಿವೆ, ಕೆಲವದರ ತಳ ಚಪ್ಪಟೆಯಾಗಿದೆ. ಪಕ್ಕದಲ್ಲೇ ಬೆಡೂರಿ ಎಂಬ ಹಗುರವಾದ ಉಕ್ಕಿನ ಪಾತ್ರೆಯೂ ಇದೆ. ಏನನ್ನು ಪರೀಕ್ಷಿಸಿ, ಯಾವುದನ್ನು ಕೊಳ್ಳಬೇಕು? ನಮ್ಮಲ್ಲಿ ಹೆಚ್ಚಿನವರು ಸಸ್ಯಾಹಾರಿಗಳು. ಬಿಸಿಬೇಳೆ ಬಾತ್ ಅದರಲ್ಲಿ ಆಗುತ್ತದೆಯೆ? ಬಲ್ಲವರು ದಯವಿಟ್ಟು ವಿವರವಾಗಿ ತಿಳಿಸಬೇಕೆಂದು ಕೋರುತ್ತೇನೆ.

ಬೆಳಗಾವಿ ಫೌಂಡ್ರಿ

ಬೆಳಗಾವಿಯ ಉದ್ಯಮಬಾಗದ ಎರಕದ ಕಾರ್ಖಾನೆಯಲ್ಲಿ ದುಡಿದು ಈಗ ಜಿಲಾಂಗಿನಲ್ಲಿ ನೆಲೆಸಿರುವವನು ನಾನು. ಆದ್ದರಿಂದ ಅಡುಗೆಗಿಂತ ಪಾತ್ರೆಯ ಬಗ್ಗೆ ಹೆಚ್ಚು ಧೈರ್ಯದಿಂದ ಹೇಳಬಲ್ಲೆ.

ಈ ಪಾತ್ರೆಗಳನ್ನು ಇಂದಿಗೂ ಮರಳಿನ ಅಚ್ಚಿನಲ್ಲೇ ಎರೆಯುತ್ತಾರೆ. ಇಂಗ್ಲೆಂಡಿನ ಅಬ್ರಹಾಂ ಡಾರ್ಬಿ 1707ರಲ್ಲಿ ಪೇಟೆಂಟ್ ಪಡೆದ ವಿಧಾನದ ಮೂಲತತ್ತ್ವ ಬದಲಾಗಿಲ್ಲ. ಅಚ್ಚಿನ ಭಾಗಗಳು ಎರೆಯುವ ಹೊತ್ತಿಗೆ ತುಸು ಜರುಗಿದ್ದರೆ ಪಾತ್ರೆಯ ಗೋಡೆ ಒಂದು ಕಡೆ ದಪ್ಪವಾಗಿ, ಎದುರು ಕಡೆ ತೆಳುವಾಗಿ ಬರುತ್ತದೆ. ತೆಳುವಾದ ಕಡೆ ಅಡುಗೆ ಸೀಯುತ್ತದೆ, ಕ್ರಮೇಣ ಬಿರುಕು ಬಿಡುವುದೂ ಅಲ್ಲಿಯೇ. ಅಂಗಡಿಯಲ್ಲಿ ಹೆಬ್ಬೆರಳು, ತೋರುಬೆರಳುಗಳ ನಡುವೆ ಬಾಯಂಚನ್ನು ಹಿಡಿದು ಸುತ್ತಲೂ ಸವರಿಕೊಂಡು ಹೋದರೆ ಈ ವ್ಯತ್ಯಾಸ ಕೈಗೆ ತಿಳಿಯುತ್ತದೆ. ಅನಂತರ ಮುಚ್ಚಳವನ್ನಿಟ್ಟು ನಿಧಾನವಾಗಿ ಒಂದು ಪೂರ್ತಿ ಸುತ್ತು ತಿರುಗಿಸಿ. ಎಲ್ಲಿಯಾದರೂ ಅದು ಎದ್ದು ಕುಣಿದರೆ ಆ ಪಾತ್ರೆಯನ್ನು ಬಿಟ್ಟು ಇನ್ನೊಂದನ್ನು ಕೇಳಿ. ನನ್ನ ಮಟ್ಟಿಗೆ ಹೆಸರು, ಬೆಲೆಗಳಿಗಿಂತ ಮುಚ್ಚಳ ಮುಖ್ಯ: ಅದು ಸರಿಯಾಗಿ ಕೂರದಿದ್ದರೆ ಹಬೆ ಹೊರಗೆ ಹೋಗುತ್ತದೆ, ಬೂದಿ ಒಳಗೆ ಬರುತ್ತದೆ. ಮುಚ್ಚಳದ ಸುತ್ತ ಕೆಂಡ ಜಾರದಂತೆ ತಡೆಯುವ ಎತ್ತರದ ಅಂಚಿರಲೇಬೇಕು. ಮನೆಯ ಒಲೆಗೆಂದು ಮಾರುವ ಬಣ್ಣಬಣ್ಣದ ಎನಾಮೆಲ್ ಪಾತ್ರೆಗಳು ಈ ಕೆಲಸಕ್ಕೆ ತಕ್ಕವಲ್ಲ; ಕೆಂಡದ ಕಾವಿಗೆ ಆ ಲೇಪ ಸಿಡಿಯುತ್ತದೆ.

ಅಳತೆಯ ವಿಚಾರ. ಒಂದು ಕ್ವಾರ್ಟ್ ಎಂದರೆ ಸುಮಾರು 0.95 ಲೀಟರ್, ಆ ಲೆಕ್ಕದಲ್ಲಿ 9 ಕ್ವಾರ್ಟಿನದು ಎಂಟೂವರೆ ಲೀಟರ್ ಹಿಡಿಯುತ್ತದೆ. ಹತ್ತು ಜನರಿಗೆಂದು 12 ಕ್ವಾರ್ಟಿನದನ್ನು ಕೊಳ್ಳಬೇಡಿ. ಅಡುಗೆ ತುಂಬಿದ ಮೇಲೆ ಅದನ್ನು ಕೆಂಡದಿಂದ ಇಳಿಸಲು ಇಬ್ಬರು ಬೇಕು. 9ರದೊಂದು, 4.5ರದೊಂದು ಇದ್ದರೆ ಒಂದರಲ್ಲಿ ಅನ್ನದ ಅಡುಗೆ, ಇನ್ನೊಂದರಲ್ಲಿ ಪಲ್ಯವೋ ರೊಟ್ಟಿಯೋ ಒಟ್ಟಿಗೇ ಆಗುತ್ತವೆ. ಕಾಲುಗಳಿದ್ದರೆ ಪಾತ್ರೆಯ ತಳಕ್ಕೂ ಕೆಂಡಕ್ಕೂ ನಡುವೆ ಗಾಳಿಯಾಡಲು ಜಾಗ ಸಿಗುತ್ತದೆ, ನಿಜ. ಆದರೆ ಮೆತ್ತನೆಯ ನೆಲದಲ್ಲಿ ಕಾಲು ಹೂತು ಪಾತ್ರೆ ವಾಲುತ್ತದೆ, ಮನೆಯ ಒಲೆಯ ಮೇಲೆ ನಿಲ್ಲುವುದೇ ಇಲ್ಲ. ಚಪ್ಪಟೆ ತಳದ್ದನ್ನು ಕೊಂಡು, ಜೊತೆಗೊಂದು ಗಿಡ್ಡ ಕಬ್ಬಿಣದ ಮುಕ್ಕಾಲಿಯನ್ನು ಇಟ್ಟುಕೊಳ್ಳುವುದು ಲೇಸು.

ಹಳೆಯ ಸಾಮಾನಿನ ಅಂಗಡಿಗಳಲ್ಲಿ ಮೆಟರ್ಸ್, ಫರ್ಫಿ ಮುಂತಾದ ಹಳೆಯ ಆಸ್ಟ್ರೇಲಿಯಾದ ತಯಾರಿಕೆಗಳು ಆಗಾಗ ಕಾಣಸಿಗುತ್ತವೆ. ತುಕ್ಕು ಹಿಡಿದಿದ್ದರೆ ಚಿಂತೆಯಿಲ್ಲ, ಉಜ್ಜಿ ತೆಗೆಯಬಹುದು. ಬಿರುಕಿದ್ದರೆ ಮಾತ್ರ ಬೇಡ. ಪಾತ್ರೆಯನ್ನು ಹಿಡಿಯಿಂದ ತೂಗುಹಾಕಿ ಚಮಚದಿಂದ ತಟ್ಟಿದಾಗ ಗಂಟೆಯಂತೆ ನಾದ ಬರಬೇಕು, ಬಡ್ಡಾದ ಸದ್ದು ಬಂದರೆ ಎಲ್ಲೋ ಸೀಳಿದೆ ಎಂದರ್ಥ. ಮೀನಿನ ಗಾಳಕ್ಕೆ ಕಟ್ಟುವ ಸೀಸದ ಗುಂಡುಗಳನ್ನು ಕರಗಿಸಲು ಕೆಲವರು ಇಂಥ ಹಳೆಯ ಪಾತ್ರೆಗಳನ್ನೇ ಬಳಸುತ್ತಿದ್ದರು. ಆದ್ದರಿಂದ ಹಳೆಯದನ್ನು ಕೊಂಡರೆ ಸೀಸದ ಪರೀಕ್ಷೆ ಮಾಡಿಸದೆ ಅದರಲ್ಲಿ ಅಡುಗೆ ಮಾಡಬೇಡಿ.

ಮಲೆನಾಡಿನಾಕೆ, ಪರ್ತ್

ಫೌಂಡ್ರಿಯವರು ಹೇಳಿದ್ದೆಲ್ಲ ಸರಿಯೇ. ಆದರೆ ಅವರು ಬೆಡೂರಿಯನ್ನು ಮಾತನಾಡಿಸದೇ ಬಿಟ್ಟದ್ದು ನ್ಯಾಯವಲ್ಲ. ಪಶ್ಚಿಮ ಕ್ವೀನ್ಸ್‌ಲ್ಯಾಂಡಿನ ಬೆಡೂರಿ ಎಂಬ ಊರಿನ ಹೆಸರು ಹೊತ್ತ ಈ ಉಕ್ಕಿನ ಪಾತ್ರೆ ಹುಟ್ಟಿದ್ದೇ ಎರಕದ ಕಬ್ಬಿಣದ ದೌರ್ಬಲ್ಯದಿಂದ: ದನಗಳನ್ನು ಹೊಡೆದುಕೊಂಡು ನೂರಾರು ಮೈಲಿ ಸಾಗುತ್ತಿದ್ದವರ ಹೇರುಕುದುರೆಯಿಂದ ಬಿದ್ದರೆ ಎರಕದ ಪಾತ್ರೆ ಒಡೆಯುತ್ತಿತ್ತು, ಉಕ್ಕಿನದು ಹೆಚ್ಚೆಂದರೆ ನೆಗ್ಗುತ್ತಿತ್ತು. ಅದರ ಮುಚ್ಚಳವನ್ನು ಮಗುಚಿದರೆ ಬಾಣಲೆಯಾಗುತ್ತದೆ. ಕಾರಿನ ಡಿಕ್ಕಿಯಲ್ಲಿ ಜಾಗವೂ ತೂಕವೂ ಮುಖ್ಯವಾದವರಿಗೆ ಅದು ಒಳ್ಳೆಯ ಆಯ್ಕೆ. ಆದರೆ ತೆಳುವಾದ ಉಕ್ಕು ಬೇಗ ಕಾಯುತ್ತದೆ, ಬೇಗ ಆರುತ್ತದೆ. ತಳ ಹಿಡಿಯದಂತೆ ನೋಡಿಕೊಳ್ಳುತ್ತಲೇ ಕೂರಬೇಕು. ಹೊಸಬರಿಗೆ ಎರಕದ್ದೇ ಹೆಚ್ಚು ಕ್ಷಮಾಗುಣವುಳ್ಳದ್ದು ಎಂದು ನಾನೂ ಒಪ್ಪುತ್ತೇನೆ.

ಕೊಂಡ ಮೇಲೆ ಮೊದಲು ತಿಳಿಯಬೇಕಾದದ್ದು: ಉರಿಯ ಮೇಲೆ ಅಡುಗೆ ಮಾಡುವುದಲ್ಲ, ಕೆಂಡದ ಮೇಲೆ. ದೊಡ್ಡ ಬೆಂಕಿ ಒಂದು ಕಡೆ ಉರಿಯುತ್ತಿರಲಿ. ಅದರ ಪಕ್ಕದಲ್ಲಿ ಅಡುಗೆಗೆಂದೇ ಬೇರೆ ಜಾಗ ಮಾಡಿಕೊಂಡು, ಸಲಿಕೆಯಿಂದ ಬೇಕಾದಷ್ಟೇ ಕೆಂಡವನ್ನು ಅಲ್ಲಿಗೆ ತಂದುಕೊಳ್ಳಿ. ಸಾರು, ಪಲ್ಯ, ಅನ್ನಗಳಿಗೆ ಕಾವು ಹೆಚ್ಚಾಗಿ ಕೆಳಗಿನಿಂದ ಬರಬೇಕು. ರೊಟ್ಟಿ, ಕೇಕುಗಳಿಗೆ ಮೂರರಲ್ಲಿ ಒಂದು ಪಾಲು ಕೆಳಗೆ, ಎರಡು ಪಾಲು ಮುಚ್ಚಳದ ಮೇಲೆ. ದಮ್ ಬಿರಿಯಾನಿಗೆ ಮುಚ್ಚಳದ ಮೇಲೆ ಕೆಂಡ ಹರಡುವುದನ್ನು ನೋಡಿದವರಿಗೆ ಇದು ಹೊಸದೇನಲ್ಲ. ಕೆಳಗಿನ ಕೆಂಡವನ್ನು ನಡುಮಧ್ಯದಲ್ಲಿ ರಾಶಿ ಹಾಕದೆ ತಳದ ಅಂಚಿನುದ್ದಕ್ಕೂ ಬಳೆಯಾಗಿ ಜೋಡಿಸಬೇಕು. ಕಬ್ಬಿಣ ಕಾವನ್ನು ಹಿಡಿದಿಟ್ಟುಕೊಳ್ಳುವುದರಲ್ಲಿ ಗಟ್ಟಿ, ಹರಡುವುದರಲ್ಲಿ ಅಲ್ಯೂಮಿನಿಯಮ್ಮಿಗಿಂತ ಬಹಳ ಮಂದ; ಅದಕ್ಕಾಗಿಯೇ ಕಾಲು ಗಂಟೆಗೊಮ್ಮೆ ಪಾತ್ರೆಯನ್ನು ಒಂದು ದಿಕ್ಕಿಗೆ, ಮುಚ್ಚಳವನ್ನು ಅದರ ಎದುರು ದಿಕ್ಕಿಗೆ ಕಾಲು ಸುತ್ತು ತಿರುಗಿಸುತ್ತಿರಬೇಕು.

ಸೌದೆಯ ಕೆಂಡವನ್ನು ಅಂದಾಜು ಮಾಡಲು ಕಣ್ಣು ಪಳಗಬೇಕು. ಮೊದಲ ಬಾರಿಗೆ ಬ್ರಿಕೆಟ್, ಅಂದರೆ ಇದ್ದಿಲ ಪುಡಿಯನ್ನು ಒತ್ತಿ ಮಾಡಿದ ತುಂಡುಗಳನ್ನು ಬಳಸಿದರೆ ಎಣಿಸಿಯೇ ಕಾವನ್ನು ನಿಭಾಯಿಸಬಹುದು. 12 ಇಂಚು ಅಗಲದ ಪಾತ್ರೆಗೆ ಮೇಲೆ 17, ಕೆಳಗೆ 8 ಇಟ್ಟರೆ ಒಳಗೆ ಸುಮಾರು 175 ಡಿಗ್ರಿ ಸೆಲ್ಸಿಯಸ್. ಮೇಲೆ 19, ಕೆಳಗೆ 10 ಇಟ್ಟರೆ 200ರ ಆಸುಪಾಸು. ಗಾಳಿ ಬೀಸುತ್ತಿದ್ದರೆ ಈ ಲೆಕ್ಕ ಏರುಪೇರಾಗುತ್ತದೆ.

ಮಕ್ಕಳಿಗಾಗಿ ಡ್ಯಾಂಪರ್ ಎಂಬ ಇಲ್ಲಿನ ದಪ್ಪ ರೊಟ್ಟಿ ಮಾಡಿ. ಮೂರು ಕಪ್ಪು ಸೆಲ್ಫ್ ರೈಸಿಂಗ್ ಹಿಟ್ಟಿಗೆ ಉಪ್ಪು, 80 ಗ್ರಾಂ ಬೆಣ್ಣೆ ಹಾಕಿ ಬೆರಳತುದಿಯಲ್ಲಿ ಉಜ್ಜಿ, ಸುಮಾರು ಒಂದು ಕಪ್ಪು ಹಾಲು ಸೇರಿಸಿ, ಹೆಚ್ಚು ನಾದದೆ ಉಂಡೆ ಮಾಡಬೇಕು. ಮೊದಲೇ ಕಾಯಿಸಿದ ಪಾತ್ರೆಯೊಳಗೆ ತಂತಿಯ ತಟ್ಟೆಯಿಟ್ಟು ಅದರ ಮೇಲಿಟ್ಟರೆ ಅರ್ಧ ಗಂಟೆಯಲ್ಲಿ ಬೇಯುತ್ತದೆ; ತಟ್ಟಿದಾಗ ಟೊಳ್ಳು ಸದ್ದು ಬಂದರೆ ಆಯಿತು.

ವೆರಿಬೀ ಕನ್ನಡಿಗ

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. 9 ಮತ್ತು 4.5 ಕ್ವಾರ್ಟಿನ ಚಪ್ಪಟೆ ತಳದ ಎರಕದ ಪಾತ್ರೆಗಳೆಂದು ನಿರ್ಧರಿಸಿದೆವು. ಬಿಸಿಬೇಳೆ ಬಾತಿನ ಹುಣಸೆಹುಳಿ ಈ ಕಬ್ಬಿಣಕ್ಕೆ ಆಗುತ್ತದೆಯೆ ಎಂಬ ಪ್ರಶ್ನೆಯೊಂದು ಉಳಿಯಿತು. ಹೊಸ ಪಾತ್ರೆಯನ್ನು ಪಳಗಿಸುವ ಕ್ರಮವನ್ನೂ ಯಾರಾದರೂ ತಿಳಿಸಿದರೆ ಉಪಕಾರವಾಗುತ್ತದೆ.

ಕುಂದಾಪ್ರ ಅಡುಗೆಮನೆ

ಬೀಡುಕಬ್ಬಿಣದ ದೋಸೆ ಕಾವಲಿಯನ್ನು ಪಳಗಿಸಿದವರಿಗೆ ಇದು ಗೊತ್ತಿರುವ ಕೆಲಸವೇ. ತುಕ್ಕು ಹಿಡಿಯದಿರಲೆಂದು ಹೊಸ ಪಾತ್ರೆಗೆ ಮೇಣ ಬಳಿದಿರುವುದುಂಟು; ಅದನ್ನು ಬಿಸಿನೀರು, ಸೋಪಿನಿಂದ ಚೆನ್ನಾಗಿ ಉಜ್ಜಿ ತೊಳೆದು, ಒಲೆಯ ಮೇಲಿಟ್ಟು ಪೂರ್ತಿ ಒಣಗಿಸಿ. ಸೂರ್ಯಕಾಂತಿ ಅಥವಾ ಕ್ಯಾನೋಲಾ ಎಣ್ಣೆಯನ್ನು ಒಳಗೂ ಹೊರಗೂ ಸವರಿ, ಮತ್ತೆ ಒಣ ಬಟ್ಟೆಯಿಂದ ಎಣ್ಣೆಯೇ ಇಲ್ಲವೇನೋ ಎನ್ನುವಷ್ಟು ಒರೆಸಿ ತೆಗೆಯಿರಿ. ಪಾತ್ರೆಯನ್ನು ಬೋರಲಾಗಿಟ್ಟು 200ರಿಂದ 230 ಡಿಗ್ರಿಯಲ್ಲಿ ಒಂದು ಗಂಟೆ ಕಾಯಿಸಿ, ಓವನ್ನಿನಲ್ಲೇ ಆರಲು ಬಿಡಿ. ಎಣ್ಣೆ ಈ ಕಾವಿನಲ್ಲಿ ಗಟ್ಟಿಯಾದ ಕಪ್ಪು ಪದರವಾಗುತ್ತದೆ. ದಪ್ಪಗೆ ಬಳಿದರೆ ಮಾತ್ರ ಅಂಟಂಟಾಗಿ ಉಳಿಯುತ್ತದೆ. ಇದನ್ನು ಎರಡು ಮೂರು ಬಾರಿ ಮಾಡಿದರೆ ಸಾಕು. ಅಮೆರಿಕದ ಟೆನೆಸಿಯಲ್ಲಿ 1896ರಲ್ಲಿ ಆರಂಭವಾದ ಲಾಡ್ಜ್ ಕಂಪನಿಯಂಥವರು ಪಳಗಿಸಿಯೇ ಮಾರುತ್ತಾರೆ. ಅವಕ್ಕೂ ಮನೆಯಲ್ಲಿ ಒಂದು ಸುತ್ತು ಮಾಡಿದರೆ ನಷ್ಟವಿಲ್ಲ.

ಇನ್ನು ಹುಳಿ. ಹುಣಸೆ, ಟೊಮೆಟೊ, ಮಜ್ಜಿಗೆ ಈ ಮೂರೂ ಹೊತ್ತುಗಟ್ಟಲೆ ಕುದಿದರೆ ಆ ಪದರವನ್ನು ಸಡಿಲಿಸುತ್ತವೆ. ಅಡುಗೆ ಕಪ್ಪಾಗಿ ಕಬ್ಬಿಣದ ರುಚಿ ಬರುತ್ತದೆ. ಬಿಸಿಬೇಳೆ ಬಾತನ್ನು ಮಾಡಲೇಬೇಕೆಂದಿದ್ದರೆ ಅಕ್ಕಿ, ಬೇಳೆ, ತರಕಾರಿಗಳನ್ನು ಕ್ಯಾಂಪ್ ಓವನ್ನಿನಲ್ಲಿ ಬೇಯಿಸಿ, ಪುಡಿಯನ್ನೂ ಹುಳಿಯನ್ನೂ ಗ್ಯಾಸ್ ಒಲೆಯ ಮೇಲೆ ಸ್ಟೀಲ್ ಪಾತ್ರೆಯಲ್ಲಿ ಬೇರೆಯಾಗಿ ಕುದಿಸಿ, ಎರಡನ್ನೂ ಆ ಸ್ಟೀಲ್ ಪಾತ್ರೆಯಲ್ಲೇ ಬೆರೆಸಿರಿ. ಆದರೆ ಮೊದಲ ಸಲವೇ ಇಷ್ಟು ಹಟವೇಕೆ? ಮೆಂತ್ಯ ಬಾತ್, ಖಾರ ಪೊಂಗಲ್, ತರಕಾರಿ ಪುಲಾವ್ ಇವು ಪಾತ್ರೆಗೂ ಹಿತ, ಹತ್ತು ಜನರಿಗೂ ಸಾಕು. ಎಣ್ಣೆ, ಉಪ್ಪು, ಕಾಳುಮೆಣಸು ಹಚ್ಚಿದ ಸಿಹಿಗುಂಬಳ, ಆಲೂಗಡ್ಡೆ, ಗೆಣಸುಗಳನ್ನು ತಂತಿಯ ತಟ್ಟೆಯ ಮೇಲೆ ಜೋಡಿಸಿ, ಮೇಲೂ ಕೆಳಗೂ ಕೆಂಡವಿಟ್ಟು ಒಂದು ಗಂಟೆ ಬಿಟ್ಟರೆ ಅದಕ್ಕೆ ಸಮನಾದದ್ದನ್ನು ಗ್ಯಾಸ್ ಒಲೆಯಲ್ಲಿ ಮಾಡಲಾಗದು.

ತೊಳೆಯುವಾಗ ಒಂದೇ ಎಚ್ಚರ: ಕಾದ ಪಾತ್ರೆಗೆ ತಣ್ಣೀರು ಸುರಿಯಬಾರದು, ಎರಕದ ಕಬ್ಬಿಣ ಸೀಳುತ್ತದೆ. ಬೆಚ್ಚಗಿರುವಾಗ ಬಿಸಿನೀರಿನಲ್ಲಿ ಉಜ್ಜಿ, ಕೆಂಡದ ಬಳಿಯಿಟ್ಟು ಒಣಗಿಸಿ, ತೆಳುವಾಗಿ ಎಣ್ಣೆ ಸವರಿರಿ. ಮನೆಯಲ್ಲಿ ಎತ್ತಿಡುವಾಗ ಮುಚ್ಚಳಕ್ಕೂ ಪಾತ್ರೆಗೂ ನಡುವೆ ಮಡಿಸಿದ ಕಾಗದವಿಟ್ಟು ಗಾಳಿಯಾಡಲು ಬಿಟ್ಟರೆ ಎಣ್ಣೆ ಕಮಟು ಹಿಡಿಯುವುದಿಲ್ಲ.

ಬೆಂಡಿಗೊ ವಾಸಿ

ಬೆಂಕಿಯ ನಿಯಮಗಳನ್ನು ಯಾರೂ ಪ್ರಸ್ತಾಪಿಸಲಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ವಿಕ್ಟೋರಿಯಾದ ಸಾರ್ವಜನಿಕ ಕಾಡುಗಳಲ್ಲಿ ಕಟ್ಟಿದ ಒಲೆ ಇಲ್ಲದಿದ್ದರೆ ಕನಿಷ್ಠ 30 ಸೆಂಟಿಮೀಟರ್ ಆಳದ ಗುಂಡಿಯಲ್ಲಿ ಬೆಂಕಿ ಮಾಡಬೇಕು, ಸುತ್ತ 3 ಮೀಟರ್ ಜಾಗದಲ್ಲಿ ಉರಿಯುವ ವಸ್ತುಗಳಿರಬಾರದು, ಬೆಂಕಿ ಒಂದು ಚದರ ಮೀಟರಿಗಿಂತ ಹರಡಬಾರದು. ಸಂಪೂರ್ಣ ಬೆಂಕಿ ನಿಷೇಧದ ದಿನ ಸೌದೆಯಾಗಲಿ ಬ್ರಿಕೆಟ್ಟಾಗಲಿ ಕೂಡದು. ಹೊರಡುವ ಮುನ್ನವೂ ಅಲ್ಲಿದ್ದ ಪ್ರತಿ ಬೆಳಿಗ್ಗೆಯೂ ಇದನ್ನು ನೋಡಿಕೊಳ್ಳಿ. ಬಾರ್ಮಾದಂಥ ರಾಷ್ಟ್ರೀಯ ಉದ್ಯಾನದಲ್ಲಿ ಬಿದ್ದ ಕಟ್ಟಿಗೆಯೆಂದು ಎಲ್ಲೆಂದರಲ್ಲಿ ಆಯುವಂತಿಲ್ಲ, ಸೌದೆಯನ್ನು ಕೊಂಡೇ ಒಯ್ಯುವುದು ಕ್ಷೇಮ. ರೆಡ್ ಗಮ್ ಎಂಬ ನೀಲಗಿರಿ ಜಾತಿಯ ಮರದ ಸೌದೆ ಸಿಕ್ಕರೆ ಅದರ ಕೆಂಡ ಬಹಳ ಹೊತ್ತು ನಿಲ್ಲುತ್ತದೆ. ನದಿಯಲ್ಲಿ ನೆನೆದ ಕಲ್ಲುಗಳನ್ನು ಒಲೆಗೆ ಜೋಡಿಸಬೇಡಿ, ಕಾವಿಗೆ ಸಿಡಿಯುತ್ತವೆ.

ಕೊನೆಯಲ್ಲಿ ಕೆಂಡವನ್ನು ಮಣ್ಣಿನಿಂದ ಮುಚ್ಚದೆ ನೀರಿನಿಂದಲೇ ಆರಿಸಬೇಕು. ಮಣ್ಣಿನಡಿಯ ಕೆಂಡ ಗಂಟೆಗಟ್ಟಲೆ ಸುಡುತ್ತಿರುತ್ತದೆ. ಮರುದಿನ ಬರಿಗಾಲಲ್ಲಿ ಓಡಾಡುವ ಮಕ್ಕಳ ಪಾದ ಬೇಯುವುದು ಅದರಿಂದಲೇ. ಹತ್ತು ಲೀಟರ್ ನೀರನ್ನಾದರೂ ಬೆಂಕಿಯ ಪಕ್ಕದಲ್ಲೇ ಇಟ್ಟುಕೊಂಡಿರಿ. ನೀರು ಹಾಕಿ ಕೆದಕಿ, ಮತ್ತೆ ಹಾಕಿ, ಬೂದಿ ಕೈಗೆ ತಣ್ಣಗೆ ತಾಗುವವರೆಗೂ ಜಾಗ ಬಿಟ್ಟು ಹೊರಡಬೇಡಿ.