ಲೋಕವೆಲ್ಲ ಬಂಧು, ಮನೆಯವರನ್ನು ಬಿಟ್ಟು

ದೆಹಲಿ ಟೂರು ಮುಗಿಸಿ ಬಂದ ಮೇಲೆ ಸೀನನ ವಾಟ್ಸಾಪ್ ಸ್ಟೇಟಸ್ ಬದಲಾಗಿದೆ. ಮೊದಲು ‘ವಸುಧೈವ ಕುಟುಂಬಕಂ’ ಅಂತಿತ್ತು. ಈಗ ಲೋಟಸ್ ಟೆಂಪಲ್ ಫೋಟೋ, ಅದರ ಕೆಳಗೆ ‘ಭೂಮಿಯೇ ಒಂದು ದೇಶ, ಮನುಷ್ಯರೆಲ್ಲ ಅದರ ಪ್ರಜೆಗಳು’.

“27 ದಳ ಮೇಷ್ಟ್ರೇ! ಎಲ್ಲಕ್ಕೂ ಅಮೃತಶಿಲೆ. ಒಂಬತ್ತು ಬಾಗಿಲು. ಯಾವ ಜಾತಿ, ಯಾವ ಧರ್ಮ ಅಂತ ಯಾರೂ ಕೇಳಲಿಲ್ಲ. ಚಪ್ಪಲಿ ಬಿಡಿ, ಮಾತು ಬಿಡಿ, ಅಷ್ಟೇ.”

“ನೀನು ಮಾತು ಬಿಟ್ಟೆಯಾ? ಹಾಗಾದ್ರೆ ಮಹಿಮೆ ಇರೋ ಜಾಗವೇ ಬಿಡು,” ಎಂದರು ಸರೋಜಕ್ಕ.

“ತಮಾಷೆ ಬೇಡ ಸರೋಜಕ್ಕ. ಜಗತ್ತೆಲ್ಲ ಒಂದೇ ಕುಟುಂಬ ಅಂತಾರೆ ಆ ಟೆಂಪಲ್ ಕಟ್ಟಿಸಿದ ಬಹಾಯಿ ಧರ್ಮದವರು.”

“ಅಲ್ಲೇ ನನಗೆ ಭಯ. ಲೋಕವನ್ನೆಲ್ಲ ತಬ್ಬಿಕೊಳ್ಳೋರ ಕೈ ಮನೆಯವರಿಗೆ ಸಿಗೋದಿಲ್ಲ. ಬೆಳಿಗ್ಗೆ ಐದೂವರೆಗೆ ಗುಲಾಬಿ ಹೂವಿನ ಮೇಲೆ ‘ಎಲ್ಲರೂ ನಮ್ಮವರೇ’ ಅಂತ ಕಳಿಸ್ತಾರಲ್ಲ, ಅವರಲ್ಲಿ ಅರ್ಧ ಜನ ಒಡಹುಟ್ಟಿದವರ ನಂಬರ್ ಬ್ಲಾಕ್ ಮಾಡಿರ್ತಾರೆ.”

ಸೀನ ಫೋನು ಮಗುಚಿಟ್ಟ. ಅವನಿಗೂ ಅವನ ಅಣ್ಣನಿಗೂ ನಡೆಯುತ್ತಿರುವ ಪಾಲಿನ ಕೇಸು ಗುಂಡಣ್ಣನ ಕೈಯಲ್ಲೇ ಇದೆ. ಗುಂಡಣ್ಣ ವಕೀಲನಿಗೆ ತಕ್ಕ ಹಾಗೆ ಸೂರು ನೋಡಿದ.

“ಸೀನ ನೋಡಿದ್ದು ಬಾಗಿಲು,” ಎಂದರು ಮೇಷ್ಟ್ರು. “ಒಳಮನೆ ಕಥೆ ಇರೋದು ಈಗಿನ ಇಸ್ರೇಲಿನ ಹೈಫಾದಲ್ಲಿ. ಶೋಘಿ ಎಫೆಂದಿ ಅಂತ ಒಬ್ಬರಿದ್ದರು. ಬಹಾಯಿ ಧರ್ಮ ಸ್ಥಾಪಿಸಿದ ಬಹಾವುಲ್ಲಾ ಅವರ ಮರಿಮಗ. ಆಕ್ಸ್‌ಫರ್ಡ್‌ನಲ್ಲಿ ಓದ್ತಾ ಇದ್ದರು. 1921ರಲ್ಲಿ ತಾತ ಅಬ್ದುಲ್ ಬಹಾ ತೀರಿಕೊಂಡರು. ಉಯಿಲು ತೆಗೆದು ನೋಡಿದರೆ, ಇನ್ನು ಮೇಲೆ ಮೊಮ್ಮಗನೇ ಧರ್ಮಕ್ಕೆ ಗಾರ್ಡಿಯನ್, ಅಂದರೆ ಮುಖ್ಯಸ್ಥ. ವಯಸ್ಸು 24.”

“ಪಾಪ,” ಎಂದರು ಸರೋಜಕ್ಕ.

“ಪಾಪವೇ. ಆದರೆ ಕೆಲಸಗಾರ. ಗ್ರಂಥಗಳನ್ನು ಇಂಗ್ಲಿಷಿಗೆ ತಂದರು, ತೋಟ ಮಾಡಿಸಿದರು, ದೇಶದೇಶಕ್ಕೆ ಧರ್ಮ ಹಬ್ಬಿಸಿದರು. ಜೊತೆಗೆ ಇನ್ನೊಂದು ಮಾಡಿದರು. ತಮ್ಮಂದಿರು, ತಂಗಿಯರು, ಚಿಕ್ಕಮ್ಮನ ಮಕ್ಕಳು, ಒಬ್ಬೊಬ್ಬರನ್ನಾಗಿ ಹೊರಗೆ ಹಾಕುತ್ತಾ ಬಂದರು. ‘ಒಡಂಬಡಿಕೆ ಮುರಿದವರು’ ಅಂತ ಹೆಸರು. ಹಾಗಂದ ಮೇಲೆ ಅವರ ಜೊತೆ ಬೇರೆ ಬಹಾಯಿಗಳು ಮಾತಾಡೋ ಹಾಗಿಲ್ಲ, ಕಾಗದ ಬರೆಯೋ ಹಾಗಿಲ್ಲ.”

“ಹೇಗೆ ತಿಳಿಸ್ತಿದ್ದರು?”

“ತಂತಿ. ಇಂಥವನನ್ನು ಹೊರಗೆ ಹಾಕಿದೆ ಅಂತ ಹೊರದೇಶಗಳಿಗೆ ತಂತಿ ಹೋಗೋದು.”

“ಗ್ರೂಪಿಂದ ತೆಗೆದಿದ್ದಾರೆ ಅಂತ ಬರುತ್ತಲ್ಲ, ಅದೇ ಆಯ್ತು. ಪದಕ್ಕಿಷ್ಟು ಅಂತ ದುಡ್ಡು ಜಾಸ್ತಿ, ಅಷ್ಟೇ ವ್ಯತ್ಯಾಸ.”

“ತಪ್ಪೇನು ಮಾಡಿದ್ದರು?” ಸೀನನ ದನಿ ಇಳಿದಿತ್ತು.

“ಮೊದಲೇ ಹೊರಗಾದ ನೆಂಟರ ಮನೆಯವರನ್ನು ಮದುವೆಯಾದರು ಅಂತ ಕೆಲವರಿಗೆ. ಮುನೀಬ್ ಅಂತ ಚಿಕ್ಕಮ್ಮನ ಮಗ, ಅವನ ಮೇಲೆ 1944ರಲ್ಲಿ ತಂತಿ ಹೋಯಿತು. ಮುಸ್ಲಿಂ ಪದ್ಧತಿಯಲ್ಲಿ ಮದುವೆಯಾಗಿದ್ದ. ಹುಡುಗಿ ಜೆರುಸಲೇಮಿನ ಮುಸ್ಲಿಂ ಧರ್ಮಗುರು ಮುಫ್ತಿಯ ಬಳಗ.”

“ತಡೀರಿ ಮೇಷ್ಟ್ರೇ. ಎಲ್ಲ ಧರ್ಮದವರ ಜೊತೆ ಸ್ನೇಹದಿಂದ ಬೆರೆಯಿರಿ ಅಂತ ಅವರ ಮುತ್ತಾತ ಬರೆದಿಲ್ವಾ?” ಎಂದರು ಸರೋಜಕ್ಕ.

“ಬರೆದಿದ್ದಾರೆ.”

“ಆ ಹುಡುಗ ಬೆರೆತ. ಜಾಸ್ತಿ ಬೆರೆತುಬಿಟ್ಟ!”

ಗುಂಡಣ್ಣನಿಗೆ ತಡೆಯಲಾಗಲಿಲ್ಲ. “ಕಾನೂನಿನ ದೃಷ್ಟಿಯಿಂದ ನೋಡಿ. ಬೇರೆ ಧರ್ಮದವರ ಜೊತೆ ಬೆರೆಯಿರಿ ಅಂದಿರೋದು. ಮನೆಯೊಳಗೆ ತಗಾದೆ ತೆಗೆಯೋರ ಬಗ್ಗೆ ಅಲ್ಲ.”

“ಅದೂ ನಿಜ,” ಎಂದರು ಮೇಷ್ಟ್ರು. “ಹಿಂದೂ ಆಗಿರಲಿ, ಕ್ರೈಸ್ತ ಆಗಿರಲಿ, ಬಹಾಯಿ ಮನೆಯಲ್ಲಿ ಊಟ ಹಾಕ್ತಾರೆ. ಸುಮ್ನೆ ಧರ್ಮ ಬಿಟ್ಟು ಹೋದವನಿಗೂ ಈ ಶಿಕ್ಷೆ ಇಲ್ಲ. ಒಳಗಿದ್ದುಕೊಂಡು ನಾಯಕತ್ವಕ್ಕೆ ತೊಡರುಗಾಲು ಕೊಟ್ಟವನಿಗೆ ಮಾತ್ರ.”

“ಅಂದರೆ ನೆರೆಮನೆಯವನಾಗಿ ಹುಟ್ಟೋದೇ ಲಾಭ. ಎಲ್ಲ ಕಡೆ ಹಾಗೇ ಅಲ್ವಾ ಸೀನಾ?”

ಸೀನ ಉತ್ತರ ಕೊಡಲಿಲ್ಲ.

ಇಲ್ಲಿಂದ ಮಾತು ನ್ಯೂಯಾರ್ಕಿಗೆ ಹಾರಿತು. ಅಲ್ಲಿ ಸೋಹ್ರಾಬ್ ಎಂಬುವನಿದ್ದ. 1912ರಲ್ಲಿ ಅಬ್ದುಲ್ ಬಹಾ ಅಮೆರಿಕ ಸುತ್ತಿದಾಗ ಜೊತೆಗಿದ್ದು ಅವರ ಮಾತನ್ನು ಇಂಗ್ಲಿಷಿನಲ್ಲಿ ಹೇಳುತ್ತಿದ್ದವನು. 1929ರಲ್ಲಿ ತನ್ನದೇ ಸಂಘ ಕಟ್ಟಿ, ಆಡಳಿತದವರ ಮಾತು ಕೇಳಲ್ಲ ಅಂದ. ಅವನನ್ನೂ ಹೊರಗೆ ಹಾಕಿದರು. ಸಾಲದ್ದಕ್ಕೆ ‘ಬಹಾಯಿ’ ಹೆಸರು ಬಳಸಬಾರದು ಅಂತ ಕೋರ್ಟಿಗೂ ಹೋದರು. 1941ರಲ್ಲಿ ಕೋರ್ಟು, ಧರ್ಮದ ಹೆಸರು ಯಾರೊಬ್ಬರ ಸ್ವತ್ತೂ ಅಲ್ಲ ಅಂತ ಕೇಸನ್ನೇ ತಳ್ಳಿಹಾಕಿತು.

“ಒಳ್ಳೆ ತೀರ್ಪು,” ಎಂದು ಗುಂಡಣ್ಣ ಚಪ್ಪರಿಸಿದ. ಅಪೀಲಿನ ಬಗ್ಗೆ ಏನೋ ಶುರು ಮಾಡಿದ. ಸರೋಜಕ್ಕ ಚಕ್ಕುಲಿ ತಟ್ಟೆ ಅವನ ಕಡೆ ತಳ್ಳಿದರು.

“ಸರೋಜಾ, ನೀನು ನಗೋದು ಸುಲಭ,” ಎಂದರು ಮೇಷ್ಟ್ರು. “ಅವರ ಕಷ್ಟಾನೂ ನೋಡು. ಅವರಿಗೆ ದಾರಿ ಮಾಡಿಕೊಟ್ಟ ಬಾಬ್ ಅವರನ್ನು 1850ರಲ್ಲಿ ಇರಾನಿನ ತಬ್ರೀಜ್‌ನಲ್ಲಿ ಗುಂಡಿಟ್ಟು ಕೊಂದರು. ಬಹಾವುಲ್ಲಾ ಸೆರೆ, ಗಡಿಪಾರು ಅಂತಲೇ ಬದುಕು ಸವೆಸಿದರು. 1983ರಲ್ಲಿ ಅದೇ ಇರಾನಿನ ಶಿರಾಜ್‌ನಲ್ಲಿ ಹತ್ತು ಜನ ಬಹಾಯಿ ಹೆಂಗಸರನ್ನು ನೇಣಿಗೆ ಹಾಕಿದರು. ಅದರಲ್ಲಿ ಒಂದು ಹುಡುಗಿಗೆ ಹದಿನೇಳು. ಹೊರಗೆ ಇಷ್ಟು ಏಟು ಬೀಳುವಾಗ ಒಳಗೂ ಒಡಕು ಬಿಟ್ಟಿದ್ದರೆ ಇಷ್ಟು ಹೊತ್ತಿಗೆ ಐವತ್ತು ಪಂಗಡ ಆಗಿರೋದು.”

ಸರೋಜಕ್ಕ ಈ ಸಲ ತಮಾಷೆ ಮಾಡಲಿಲ್ಲ. “ಆ ಹೆಣ್ಣುಮಕ್ಕಳಿಗೆ ಕೈ ಮುಗೀತೀನಿ. ಅವರು ಆಡಿದ ಹಾಗೇ ನಡೆದರು. ನಾನು ಕೇಳ್ತಿರೋದು ಕುರ್ಚಿಯಲ್ಲಿ ಕೂತವರ ವಿಷಯ. ಒಡೀಬಾರದು ಅಂತ ಎಲ್ಲರನ್ನೂ ಹೊರಗೆ ಹಾಕಿದರೆ ಒಳಗೆ ಉಳಿಯೋದು ಯಾರು?”

“ಯಾರೂ ಉಳೀಲಿಲ್ಲ,” ಎಂದರು ಮೇಷ್ಟ್ರು.

1957ರಲ್ಲಿ ಶೋಘಿ ಎಫೆಂದಿ ಲಂಡನ್ನಿಗೆ ಹೋಗಿದ್ದರು. ಹೈಫಾದಲ್ಲಿ ಕಟ್ಟಿಸಿದ ದಾಖಲೆ ಭವನಕ್ಕೆ ಪೀಠೋಪಕರಣ ಕೊಳ್ಳಬೇಕಿತ್ತು. ಆ ವರ್ಷ ಹರಡಿದ್ದ ಫ್ಲೂ ತಗುಲಿತು, ನವೆಂಬರಿನಲ್ಲಿ ತೀರಿಕೊಂಡರು. ಸತ್ತ ಜಾಗದಿಂದ ಒಂದು ಗಂಟೆಯ ಪ್ರಯಾಣಕ್ಕಿಂತ ದೂರ ಹೆಣ ಒಯ್ಯಬಾರದು ಅಂತ ಅವರ ಧರ್ಮದ ನಿಯಮ. ಹೈಫಾದಲ್ಲಿ ಅಷ್ಟು ತೋಟ ಮಾಡಿಸಿದವರು ಲಂಡನ್ನಿನ ಸ್ಮಶಾನದಲ್ಲಿ ಉಳಿದರು. ಹಿರಿಯ ಅನುಯಾಯಿಗಳು ಹೈಫಾಕ್ಕೆ ಬಂದು ಮುದ್ರೆ ಒಡೆದು ತಿಜೋರಿ ತೆರೆದರು. ಉಯಿಲು ಇರಲಿಲ್ಲ. ಮಕ್ಕಳಿರಲಿಲ್ಲ. ಆ ಜಾಗಕ್ಕೆ ಬರಬಹುದಾಗಿದ್ದ ಬಹಾವುಲ್ಲಾ ಮನೆತನದ ಗಂಡಸರು ಒಂದೋ ಸತ್ತಿದ್ದರು, ಇಲ್ಲವೇ ಹೊರಗಾಗಿದ್ದರು.

“ಉಯಿಲು ಬರೆದಿರಲಿಲ್ವಾ?” ಗುಂಡಣ್ಣನಿಗೆ ನಿಜಕ್ಕೂ ಸಂಕಟವಾಯಿತು. “ಎಲ್ಲರೂ ಉಯಿಲು ಬರೀಬೇಕು ಅಂತ ಅವರ ಗ್ರಂಥದಲ್ಲೇ ಇದೆಯಂತಲ್ಲ!”

“ಯಾರ ಹೆಸರಿಗೆ ಅಂತ ಬರೀತಾರೋ?” ಎಂದರು ಸರೋಜಕ್ಕ. “ಪೆನ್ನು ಹಿಡ್ಕೊಂಡು ಕೂತರೆ ಒಂದು ಹೆಸರಾದರೂ ಬೇಕಲ್ಲ.”

ಆಮೇಲೆ? ಮೂರು ವರ್ಷಕ್ಕೆ ಮೇಸನ್ ರೆಮಿ ಎಂಬ ಅಮೆರಿಕದ ಮುದುಕರು ತಾನೇ ಮುಂದಿನ ಗಾರ್ಡಿಯನ್ ಅಂದರು. ಉಯಿಲಿಲ್ಲ ಅಂತ ಸಹಿ ಹಾಕಿದವರಲ್ಲಿ ಅವರೂ ಒಬ್ಬರು. ಅವರನ್ನೂ ಹೊರಗೆ ಹಾಕಿದರು. 1963ರಲ್ಲಿ ವಿಶ್ವ ನ್ಯಾಯ ಮಂದಿರ ಎಂಬ ಒಂಬತ್ತು ಜನರ ಆಡಳಿತ ಮಂಡಳಿ ಚುನಾವಣೆಯಿಂದ ಬಂತು.

“ಚುನಾವಣೆ! ಅದು ಸರಿ,” ಎಂದ ಸೀನ. ಅವನಿಗೆ ಹಿಡಿದುಕೊಳ್ಳಲು ಏನೋ ಒಂದು ಸಿಕ್ಕಿತ್ತು. “ಹೆಣ್ಣು ಗಂಡು ಸಮಾನ ಅನ್ನೋದು ಅವರ ದೊಡ್ಡ ತತ್ವ, ಗೊತ್ತಾ ಸರೋಜಕ್ಕ?”

“ಒಳ್ಳೇದು. ಒಂಬತ್ತರಲ್ಲಿ ಹೆಂಗಸರೆಷ್ಟು?”

ಮೇಷ್ಟ್ರು ಕನ್ನಡಕ ಒರೆಸಿಕೊಂಡರು. “ಅಲ್ಲಿಗೆ ಗಂಡಸರು ಮಾತ್ರ. ಕಾರಣ ಮುಂದೆ ತಿಳಿಯುತ್ತೆ ಅಂತ ಅಬ್ದುಲ್ ಬಹಾ ಹೇಳಿದ್ದಾರೆ.”

“ಮುಂದೆ ಅಂದರೆ? ಸೀನನ ಕೇಸು ಮುಗಿಯೋಷ್ಟು ಹೊತ್ತಿಗಾ?”

ಸೀನನಿಗೂ ನಗು ಬಂತು. “ಆದರೂ ಅವರ ಪುಸ್ತಕದಲ್ಲಿ ಒಳ್ಳೆ ಮಾತುಗಳಿವೆ. ಬೆನ್ನ ಹಿಂದೆ ಆಡಿಕೊಳ್ಳಬಾರದು, ಅದು ಹೃದಯದ ಬೆಳಕನ್ನೇ ಆರಿಸುತ್ತೆ ಅಂತ ಬಹಾವುಲ್ಲಾ ಬರೆದಿದ್ದಾರೆ. ನಾನು ಸೇರಿಬಿಡೋಣ ಅಂತಲೇ ಇದ್ದೆ.”

“ದಮ್ಮಯ್ಯ, ಬೇಡ ಸೀನಾ,” ಎಂದರು ಸರೋಜಕ್ಕ. “ಆಮೇಲೆ ನಾವು ನಿನ್ನ ಅಣ್ಣನ ಸುದ್ದಿ ಯಾರ ಬಾಯಲ್ಲಿ ಕೇಳೋದು?”